ಹಾಟ್ ಟಬ್ಬಿನ ತಿಳಿನೀರು

1999ರಲ್ಲಿ ನೆದರ್‌ಲೆಂಡ್ಸ್‌ನ ಬೋವೆನ್‌ಕಾರ್ಸ್ಪೆಲ್‌ನ ಹೂವಿನ ಮೇಳಕ್ಕೆ ಹೋದವರಲ್ಲಿ ಕನಿಷ್ಠ 32 ಮಂದಿ, ನೀರಿನ ಬ್ಯಾಕ್ಟೀರಿಯಾದಿಂದ ಶ್ವಾಸಕೋಶಕ್ಕೆ ತಗಲುವ ಲೀಜನೇರ್ ಕಾಯಿಲೆಯಿಂದ ತೀರಿಕೊಂಡರು. ತನಿಖೆ ಬೊಟ್ಟು ಮಾಡಿದ್ದು ಅಲ್ಲಿ ಪ್ರದರ್ಶನಕ್ಕಿಟ್ಟಿದ್ದ, ಗುಳ್ಳೆಯೇಳುವ ಬಿಸಿನೀರಿನ ತೊಟ್ಟಿಯತ್ತ. ಅದರಲ್ಲಿ ಇಳಿಯಲೇಬೇಕೆಂದಿರಲಿಲ್ಲ, ತುಂತುರನ್ನು ಉಸಿರಾಡಿದರೂ ಸಾಕಿತ್ತು.

ಮನೆಯಲ್ಲಿ ಹಾಟ್ ಟಬ್ ಇಟ್ಟವರು ಇದನ್ನು ಮರೆಯಬಾರದು. ಈಜುಕೊಳಕ್ಕಿಂತ ಇಲ್ಲಿ ನೀರು ಕಡಿಮೆ, ಬಿಸಿ ಹೆಚ್ಚು. ನಾಲ್ವರು ಅರ್ಧ ಗಂಟೆ ಕೂತೆದ್ದರೆ ಬೆವರು, ಎಣ್ಣೆ, ಸನ್‌ಸ್ಕ್ರೀನ್ ಎಲ್ಲ ಸೇರಿ ಕ್ಲೋರಿನ್ ಬೇಗ ಖಾಲಿಯಾಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವ ಪ್ರಕಾರ ಕ್ಲೋರಿನ್ ಕನಿಷ್ಠ 3 ಪಿಪಿಎಂ ಇರಬೇಕು, ಇಲ್ಲವೇ ಬ್ರೋಮಿನ್ ಕನಿಷ್ಠ 4. ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು.

ಪಿಎಚ್ 7.2ರಿಂದ 7.8ರೊಳಗಿರಲಿ. 8 ದಾಟಿದರೆ ಹಾಕಿದ ಕ್ಲೋರಿನ್‌ನ ಬಹುಪಾಲು ಮಂಕಾಗಿಬಿಡುತ್ತದೆ, ಹೀಟರಿಗೂ ಸುಣ್ಣದ ಹಕ್ಕಳೆ ಕಟ್ಟುತ್ತದೆ. ತೀರಾ ಇಳಿದರೆ ಲೋಹ ಸವೆಯುತ್ತದೆ.

ಮುಚ್ಚಳ ತೆಗೆದ ಕೂಡಲೇ ಮೂಗಿಗೆ ರಪ್ಪನೆ ಹೊಡೆಯುವ ವಾಸನೆಯನ್ನು ಹಲವರು ಶುಚಿತ್ವದ ಗುರುತೆಂದು ನಂಬಿದ್ದಾರೆ. ಅದು ಕೊಳೆಯ ಜೊತೆ ಸೇರಿ ಕೆಟ್ಟ ಕ್ಲೋರಿನ್‌ನ, ಅಂದರೆ ಕ್ಲೋರಮೈನ್‌ನ ವಾಸನೆ. ಆಗ ಶಾಕ್ ಡೋಸ್ (ಒಮ್ಮೆಗೇ ಹೆಚ್ಚು ಕ್ಲೋರಿನ್) ಹಾಕಿ, ಮುಚ್ಚಳ ತೆರೆದಿಟ್ಟು, ಪಂಪ್ ಓಡಿಸಬೇಕು.

ಫಿಲ್ಟರಿನ ಮಡಿಕೆಗಳನ್ನು ಬೆರಳಲ್ಲಿ ಬಿಡಿಸಿ ನೋಡಿದರೆ ಜಿಡ್ಡು ಕಾಣುತ್ತದೆ. ಫಿಲ್ಟರನ್ನು ಆಗಾಗ ಪೈಪಿನ ನೀರಲ್ಲಿ ತೊಳೆಯಬೇಕು. ಮೂರು-ನಾಲ್ಕು ತಿಂಗಳಿಗೊಮ್ಮೆ ತೊಟ್ಟಿಯನ್ನೇ ಖಾಲಿ ಮಾಡಬೇಕು, ಅದಕ್ಕೆ ಮೊದಲು ಕೊಳವೆಗಳೊಳಗಿನ ಲೋಳೆ ಬಿಡಿಸುವ ದ್ರಾವಣ ಓಡಿಸಬೇಕು.