ಅಡ್ರೆಸ್ ಫ್ಯಾಮಿಲಿ ನಂಬರ್ ನಾಲ್ಕು

ಮೊನ್ನೆ ಭಾನುವಾರ ಅಟ್ಟದ ಮೇಲಿದ್ದ ರಟ್ಟಿನ ಡಬ್ಬ ಖಾಲಿ ಮಾಡುವಾಗ ಒಂದು ಹಳೇ ಸಿಡಿ ಸಿಕ್ಕಿತು. ಮೇಲೆ ಮಾರ್ಕರ್ ಪೆನ್ನಿನಲ್ಲಿ ನನ್ನದೇ ಕಾಗೆಕಾಲು ಗುಬ್ಬಿಕಾಲು ಅಕ್ಷರ: "ತೂಕ - ಫೈನಲ್ - 2003". (ಫೈನಲ್ ಅಂತ ಬರೆದಿದ್ದು ಯಾವತ್ತಾದರೂ ಫೈನಲ್ ಆಗಿದ್ದುಂಟಾ? ಒಳಗೆ ಫೈನಲ್-2, ಫೈನಲ್-3 ಕೂಡ ಇದ್ದವು :-) )

ಸಿಡಿ ಡ್ರೈವ್ ಇರುವ ಗೆಳೆಯನ ಮನೆ ಹುಡುಕಿ ಫೈಲುಗಳನ್ನು ತೆಗೆದುಕೊಂಡೆ. ಅದರಲ್ಲಿದ್ದ ಮೊದಲ ಕೆಲಸದ ಸಾಲನ್ನು ಮಾತ್ರ ನನ್ನ ಈಗಿನ ಲಿನಕ್ಸಿನಲ್ಲಿ ಓಡಿಸಿ ನೋಡಿದೆ. ಬಂದ ಉತ್ತರ: ಎರರ್ 97. ಅಂದರೆ, ನೀನು ಕೇಳಿದ ಅಡ್ರೆಸ್ ಫ್ಯಾಮಿಲಿ ಇಲ್ಲಿ ಇಲ್ಲ. ಬಾಡಿಗೆಗಿದ್ದವರು ಮನೆ ಖಾಲಿ ಮಾಡಿಕೊಂಡು ಹೋಗಿದ್ದಾರೆ ಅಂತ ಪಕ್ಕದ ಮನೆಯವರು ಹೇಳಿದ ಹಾಗೆ.

ಸಾಕೆಟ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಗೊತ್ತಿರುವವರು ಈ ಪ್ಯಾರಾ ಹಾರಿಸಿ. ಒಂದು ಪ್ರೋಗ್ರಾಮು ಬೇರೆ ಕಂಪ್ಯೂಟರಿನ ಜೊತೆ ಮಾತಾಡಬೇಕಾದರೆ ಆಪರೇಟಿಂಗ್ ಸಿಸ್ಟಮ್ಮಿನ ಹತ್ತಿರ ಹೋಗಿ ನನಗೊಂದು ಕಿಟಕಿ ತೆಗೆದುಕೊಡು ಅನ್ನುತ್ತದೆ. ಆ ಕಿಟಕಿಯೇ ಸಾಕೆಟ್. 1983ರಲ್ಲಿ ಬರ್ಕ್ಲಿಯವರ 4.2ಬಿಎಸ್‌ಡಿ ಯೂನಿಕ್ಸ್ ಜೊತೆ ಬಂದ ಏರ್ಪಾಡು ಇದು. ಕಿಟಕಿ ಕೇಳುವಾಗ ಮೊದಲು ಹೇಳಬೇಕಾದದ್ದು ಅಡ್ರೆಸ್ ಫ್ಯಾಮಿಲಿ: ಯಾವ ಬಗೆಯ ವಿಳಾಸಕ್ಕೆ ಕಾಗದ ಹಾಕ್ತೀಯಪ್ಪಾ ಅಂತ. ಈಗ ಎಲ್ಲರೂ ಇಂಟರ್ನೆಟ್ಟಿನದನ್ನೇ ಬರೆಯುತ್ತೇವೆ. ಲಿನಕ್ಸಿನಲ್ಲಿ ಅದರ ನಂಬರು 2. ಹೊಸ ಐಪಿ ವರ್ಷನ್ 6 ಆದರೆ 10. ಕಾಗದದ ಮೇಲೆ 'ಕ್ಷೇಮ' ಅಂತ ಬರೆದ ಹಾಗೆ, ಯಾಕೆ ಅಂತ ಯಾರೂ ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ, 2003ರವರೆಗೆ.

ಆಗ ನಾನು ಕೆಲಸಕ್ಕೆ ಸೇರಿ ಒಂದು ವರ್ಷ. ನಮ್ಮ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಕಳಿಸಿದರು. ಗೇಟಿನ ಹತ್ತಿರ ಎರಡು ವೇಬ್ರಿಜ್. ಕಬ್ಬಿನ ಗಾಡಿ ಹತ್ತಿದರೆ ಪಕ್ಕದ ರೂಮಿನ ಡಾಸ್ ಕಂಪ್ಯೂಟರು ತೂಕವನ್ನು ಲೆಕ್ಕದ ಕೋಣೆಯ ಇನ್ನೊಂದು ಡಾಸ್ ಕಂಪ್ಯೂಟರಿಗೆ ಕಳಿಸುತ್ತಿತ್ತು. ಮೂಲೆಯಲ್ಲಿ ನಾವೆಲ್ ನೆಟ್‌ವೇರ್ ಸರ್ವರು. ಲೆಕ್ಕದ ಕೋಣೆಯಲ್ಲಿ ಲಿನಕ್ಸ್ ಕೂರಿಸಬೇಕು, ಸೀಸನ್ ನಡುವೆ ಗೇಟಿನ ಪ್ರೋಗ್ರಾಮು ಮುಟ್ಟಬಾರದು. ಅದು ಮಾತಾಡುತ್ತಿದ್ದದ್ದು ಟಿಸಿಪಿ ಅಲ್ಲ, ಐಪಿಎಕ್ಸ್. ಲಿನಕ್ಸಿನಲ್ಲಿ ಅದರ ಫ್ಯಾಮಿಲಿ ನಂಬರು 4.

ಐಪಿಎಕ್ಸ್ ಕೇಳಿದ ತಕ್ಷಣ ನಿಮ್ಮಲ್ಲಿ ಕೆಲವರಿಗೆ ಕಾಲೇಜ್ ಲ್ಯಾಬಿನ 'ಡೂಮ್' ಆಟ ನೆನಪಾಗಬಹುದು. ಅದೇ. ಜೆರಾಕ್ಸ್ ಕಂಪನಿಯ ಎಕ್ಸ್‌ಎನ್‌ಎಸ್ ಅನ್ನುವ ಪ್ರೋಟೋಕಾಲನ್ನು ಆಧರಿಸಿ ನಾವೆಲ್‌ನವರು ಮಾಡಿಕೊಂಡದ್ದು. ನನಗಂತೂ ಬಹಳ ಹಿಡಿಸಿತು. ತಲೆಬರಹ ಬರೀ 30 ಬೈಟು. ವಿಳಾಸದಲ್ಲಿ 4 ಬೈಟು ನೆಟ್‌ವರ್ಕ್, 6 ಬೈಟು ನೋಡ್, 2 ಬೈಟು ಸಾಕೆಟ್ ನಂಬರು. ಆ 6 ಬೈಟು ಬೇರೇನಲ್ಲ, ಈಥರ್‌ನೆಟ್ ಕಾರ್ಡಿನ ಮೇಲೆ ಕಾರ್ಖಾನೆಯಲ್ಲೇ ಬರೆದ ನಂಬರು. ಕಂಪ್ಯೂಟರಿಗೆ ಯಾರೂ ಕೂತು ವಿಳಾಸ ಕೊಡಬೇಕಾಗಿಲ್ಲ, ಹುಟ್ಟುವಾಗಲೇ ಹಣೆಬರಹ. ಐಪಿ ವಿಳಾಸ ಡಿಕ್ಕಿಯಾಗಿ ಅರ್ಧ ದಿನ ಕಳೆದುಕೊಂಡವರಿಗೆ ಇದರ ಸುಖ ಅರ್ಥವಾಗುತ್ತದೆ.

ಪ್ರೋಗ್ರಾಮು ಎರಡು ದಿನಕ್ಕೆ ಬರೆದೆ. ಸಾಕೆಟ್, ಬೈಂಡ್, ರಿಸೀವ್‌ಫ್ರಮ್. ಎಲ್ಲ ಇಂಟರ್ನೆಟ್ಟಿನ ಹಾಗೇ, ವಿಳಾಸದ ಸ್ಟ್ರಕ್ಚರ್ ಮಾತ್ರ ಬೇರೆ. ಓಡಿಸಿದೆ. ಒಂದು ಬೈಟೂ ಬರಲಿಲ್ಲ. ಮೂರು ದಿನ ಬರಲಿಲ್ಲ! ಎರರ್ ಇದ್ದರೆ ಜಗಳವಾಡಬಹುದು, ಸುಮ್ಮನೆ ಕೂತಿರುವ ಪ್ರೋಗ್ರಾಮಿನ ಜೊತೆ ಏನು ಮಾಡುವುದು?

ಅಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಒಬ್ಬರೇ ಇದ್ದದ್ದು. ಎಲ್ಲರೂ 'ಇಡಿಪಿ ಸರ್' ಅನ್ನುತ್ತಿದ್ದರು. ಐವತ್ತು ದಾಟಿದವರು, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಹಳೇ ಡೈರಿ. ಲಿನಕ್ಸ್ ಬಂದರೆ ನೆಟ್‌ವೇರ್ ಹೋಗುತ್ತೆ, ನೆಟ್‌ವೇರ್ ಹೋದರೆ ಅವರಿಗೆ ವಿಆರ್‌ಎಸ್ ಕಾಗದ ಬರುತ್ತೆ ಅಂತ ಕ್ಯಾಂಟೀನಿನಲ್ಲಿ ಮಾತು. ಹಾಗಾಗಿ ಅವರ ಹತ್ತಿರ ಹೋಗಿ ಕೇಳುವುದಕ್ಕೆ ನನಗೆ ನಾಚಿಕೆ. ಮೂರನೇ ದಿನ ಸಂಜೆ ಅವರೇ ಬಂದು ಪಕ್ಕದ ಸ್ಟೂಲ್ ಎಳೆದುಕೊಂಡು ಕೂತರು.

"ಏನಪ್ಪಾ, ಫ್ರೇಮು ಯಾವುದು ಹಾಕಿದೀಯ?"

"802.2 ಸರ್. ಪುಸ್ತಕದಲ್ಲಿ ಹಂಗೇ ಇದೆ."

"ನೆಟ್‌ವೇರ್ 3.12 ಬಂದ ಮೇಲಿನ ಪುಸ್ತಕ ಅದು. ನಮ್ಮದು ಅದಕ್ಕೂ ಮುಂಚಿನದು," ಅಂತ ಡೈರಿ ತೆಗೆದು ತೋರಿಸಿದರು. ಸರ್ವರಿನ ಆಟೋಎಕ್ಸೆಕ್ ಫೈಲನ್ನು ಕೈಯಲ್ಲೇ ನಕಲು ಮಾಡಿದ್ದರು. ಫ್ರೇಮ್ ಈಥರ್‌ನೆಟ್ 802.3.

ವಿಷಯ ಏನೆಂದರೆ, ಒಂದೇ ತಂತಿಯ ಮೇಲೆ ಐಪಿಎಕ್ಸ್ ನಾಲ್ಕು ಬೇರೆ ಬೇರೆ ಲಕೋಟೆಯಲ್ಲಿ ಹೋಗಬಹುದು. ಹಳೆಯ 802.3 ಲಕೋಟೆಯಲ್ಲಿ ಉದ್ದದ ಅಂಕಿ ಆದ ತಕ್ಷಣ ನೇರವಾಗಿ ಐಪಿಎಕ್ಸ್ ಶುರು. ಅದರ ಮೊದಲ ಎರಡು ಬೈಟು ಚೆಕ್‌ಸಮ್. ನಾವೆಲ್‌ನವರು ಅದನ್ನು ಲೆಕ್ಕ ಹಾಕದೆ ಎಫ್‌ಎಫ್ ಎಫ್‌ಎಫ್ ತುಂಬಿಬಿಡುತ್ತಿದ್ದರು. 802.2 ಆದರೆ ಅದೇ ಜಾಗದಲ್ಲಿ ಇ0 ಇ0 03 ಇರಬೇಕು. ಈಥರಿಯಲ್ ಹಾಕಿ ನೋಡಿದರೆ (ಅದೇ, 2006ರಲ್ಲಿ ವೈರ್‌ಶಾರ್ಕ್ ಅಂತ ಹೆಸರು ಬದಲಾಯಿಸಿಕೊಂಡದ್ದು) ಮೂರು ದಿನದಿಂದ ನನ್ನ ಕಣ್ಣ ಮುಂದೆಯೇ ಎಫ್‌ಎಫ್ ಎಫ್‌ಎಫ್ ಹೋಗುತ್ತಿತ್ತು. ಸರ್ವರು ನಿಮಿಷಕ್ಕೊಮ್ಮೆ "ನಾನಿದೀನಿ, ನಾನಿದೀನಿ" ಅಂತ ಕೂಗುತ್ತಿತ್ತು. ನನ್ನ ಕಿಟಕಿ ಬೇರೆ ಬೀದಿಗೆ ತೆರೆದಿತ್ತು. ಇಂಟರ್‌ಫೇಸ್ ಕಮಾಂಡಿನಲ್ಲಿ ಒಂದು ಅಂಕಿ ಬದಲಾಯಿಸಿದೆ, ಅಷ್ಟೇ. ಮುಂದಿನ ಗಾಡಿಯ ತೂಕ ಬಂತು.

(ಬಂದದ್ದು ಮುನ್ನೂರು ಕೋಟಿ ಕೆಜಿ. ಐಪಿಎಕ್ಸ್ ವಿಳಾಸದಲ್ಲಿ ದೊಡ್ಡ ಬೈಟು ಮೊದಲು, ಡಾಸ್ ಪ್ರೋಗ್ರಾಮು ತುಂಬಿದ ತೂಕದಲ್ಲಿ ಚಿಕ್ಕ ಬೈಟು ಮೊದಲು. ನಾನು ಅಭ್ಯಾಸಬಲದಿಂದ ಎರಡನ್ನೂ ತಿರುಗಿಸಿದ್ದೆ. ಇಡಿಪಿ ಸರ್ ಬಿದ್ದು ಬಿದ್ದು ನಕ್ಕರು.)

ಆದರೆ ನಾನು ಹೇಳಬೇಕೆಂದದ್ದು ಆ ರಾತ್ರಿಯದು. ಒಂದು ಪಾಳಿ ಪೂರ್ತಿ ತೂಕಗಳನ್ನು ನನ್ನ ಲಿನಕ್ಸಿಗೆ ತಿರುಗಿಸಿದ್ದೆವು. ಗೇಟಿನಲ್ಲಿ ಕೈಬರಹದ ರಿಜಿಸ್ಟರ್ ಹೇಗೂ ಇತ್ತು. ಬೆಳಿಗ್ಗೆ ಆರಕ್ಕೆ ಇಡಿಪಿ ಸರ್ ರಿಜಿಸ್ಟರ್ ಹಿಡಿದು ಬಂದರು. ಅದರಲ್ಲಿ 143 ಗಾಡಿ, ನನ್ನಲ್ಲಿ 145.

ಕಡಿಮೆ ಬಂದಿದ್ದರೆ ಅರ್ಥವಾಗುತ್ತಿತ್ತು. ಐಪಿಎಕ್ಸ್ ಪೊಟ್ಟಣ ತಲುಪುವ ಖಾತರಿ ಕೊಡುವುದಿಲ್ಲ. ಹೆಚ್ಚು ಹೇಗೆ? ಖಾತರಿ ಇಲ್ಲದ್ದರಿಂದಲೇ ಗೇಟಿನ ಪ್ರೋಗ್ರಾಮು 'ಮುಟ್ಟಿತು' ಅನ್ನುವ ಉತ್ತರಕ್ಕೆ 18 ಟಿಕ್ ಕಾಯುತ್ತಿತ್ತು. ಡಾಸ್ ಗಡಿಯಾರಕ್ಕೆ ಅದು ಹತ್ತಿರ ಹತ್ತಿರ ಒಂದು ಸೆಕೆಂಡು. ಬರದಿದ್ದರೆ ಮತ್ತೆ ಕಳಿಸುತ್ತಿತ್ತು. ನಾನು ತೂಕವನ್ನು ಡೇಟಾಬೇಸಿಗೆ ಬರೆದ ಮೇಲೆ ಉತ್ತರ ಕೊಡುತ್ತಿದ್ದೆ. ರಾತ್ರಿ ಯಾರೋ ರಿಪೋರ್ಟ್ ತೆಗೆದಾಗ ಡೇಟಾಬೇಸ್ ತಡಮಾಡಿದೆ. ಇಬ್ಬರು ರೈತರ ಗಾಡಿ ಎರಡೆರಡು ಸಲ ತೂಗಿದ ಹಾಗಾಗಿದೆ.

ನಮ್ಮ ದೊಡ್ಡಪ್ಪ ಇಂಥದೇ ಸಾಲಿನಲ್ಲಿ ರಾತ್ರಿಯಿಡೀ ಗಾಡಿ ಕೆಳಗೆ ಮಲಗಿ ಕಾದವರು. ಒಂದು ಸಲ ಚೀಟಿಯಲ್ಲಿ ತೂಕ ತಪ್ಪಾಗಿ ಬಿದ್ದು ಅದನ್ನು ಸರಿಮಾಡಿಸಲು ಎರಡು ತಿಂಗಳು ಅಲೆದಿದ್ದರು. ನನಗೆ ಆ ಬೆಳಿಗ್ಗೆ ಕೊಟ್ಟ ಟೀ ಕುಡಿಯಲು ಆಗಲಿಲ್ಲ.

"ಮೊದಲು ಉತ್ತರ ಕೊಟ್ಟು ಆಮೇಲೆ ಬರೀತೀನಿ ಸರ್," ಅಂದೆ.

"ಮಧ್ಯದಲ್ಲಿ ಕರೆಂಟ್ ಹೋದ್ರೆ? ಗೇಟಿನವನು ಮುಟ್ಟಿತು ಅಂದ್ಕೊಂಡಿರ್ತಾನೆ, ನಿನ್ನ ಹತ್ರ ಇರಲ್ಲ. ರೈತನ ಕಬ್ಬು ಎಲ್ಲಿಗೆ ಹೋಯ್ತು?"

ಹಳೇ ಪ್ರೋಗ್ರಾಮು ಏನು ಮಾಡುತ್ತಿತ್ತು ಅಂತಲೂ ಅವರೇ ಹೇಳಿದರು: ಚೀಟಿ ನಂಬರು ಆಗಲೇ ಇದ್ದರೆ ಬರೆಯಬೇಡ, ಉತ್ತರ ಮಾತ್ರ ಕೊಡು. ಎಂಟೇ ಸಾಲು ಕೋಡು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ, ಡೈರಿಯಲ್ಲೂ ಇರಲಿಲ್ಲ. ಇನ್ನೂ ಒಂದು ವಾರ ಎಣಿಸಿದೆವು, ದಿನಾ ತಾಳೆಯಾಯಿತು.

ಐಪಿಎಕ್ಸ್ ಆಮೇಲೆ ಎಲ್ಲ ಕಡೆಯಿಂದ ಹೋಯಿತು. ವಿಂಡೋಸ್ ವಿಸ್ಟಾದಲ್ಲಿ ಇರಲಿಲ್ಲ. ಲಿನಕ್ಸಿನವರು 2018ರಲ್ಲಿ, 4.18ನೇ ಕರ್ನಲ್ಲಿನಲ್ಲಿ, ಕಿತ್ತು ಹಾಕಿದರು. ನೋಡಿಕೊಳ್ಳುವವರಿಲ್ಲದ ಕೋಡು ಇಟ್ಟುಕೊಂಡರೆ ಕಳ್ಳರಿಗೆ ಹಿತ್ತಲ ಬಾಗಿಲು, ಅವರು ಮಾಡಿದ್ದು ಸರಿ. ನಂಬರ್ 4 ಮಾತ್ರ ಪಟ್ಟಿಯಲ್ಲಿ ಹಾಗೇ ಇದೆ, ಬೇರೆ ಯಾರಿಗೂ ಕೊಟ್ಟಿಲ್ಲ.

ಸೀಸನ್ ಮುಗಿದ ದಿನ ಗೇಟಿನ ಕಂಪ್ಯೂಟರುಗಳಿಗೂ ಹೊಸ ಪ್ರೋಗ್ರಾಮು ಹಾಕುವುದಿತ್ತು. ಸರ್ವರಿನ ಮುಂದೆ ಇಡಿಪಿ ಸರ್ ಕೂತು 'ಡೌನ್' ಅಂತ ಹೊಡೆದರು. ಯಾರೋ ಇನ್ನೂ ಫೈಲ್ ತೆರೆದಿಟ್ಟಿದ್ದಾರೆ, ಆದರೂ ಮುಚ್ಚಲಾ ಅಂತ ಅದು ಕೇಳಿತು. ನಾನು 'ವೈ' ಒತ್ತಿ ಸರ್ ಅಂದೆ. ಅವರು ಕೀಬೋರ್ಡಿನಿಂದ ಕೈ ತೆಗೆದರು.

"ಗೇಟಿನ ಹುಡುಗ ಲಾಗೌಟ್ ಮಾಡಿಲ್ಲ. ಹೋಗಿ ಹೇಳಿ ಬಾ, ಕಾಯ್ತೀನಿ."

ಬಿಸಿಲಲ್ಲಿ ಗೇಟಿನವರೆಗೂ ನಡೆದು ಹೋಗಿ ಹೇಳಿ ಬಂದೆ.