ಕೌಬಾಯ್‌ಗೆ ಪುಸ್ತಕ ಕೊಟ್ಟ ಟೀಚರಮ್ಮ

ನಾನು ಓದಿದ್ದು ಬಿ.ಕಾಂ. ರಸಾಯನಶಾಸ್ತ್ರದ ಲ್ಯಾಬಿನ ಬಾಗಿಲು ದಾಟಿದವನೇ ಅಲ್ಲ. ಈಗ ಟಿ.ವಿ. ಹಾಕಿದರೆ ಸಾಕು, ನಾಯಕ-ನಾಯಕಿಯರ ‘ಕೆಮಿಸ್ಟ್ರಿ’ ಸೊಗಸಾಗಿದೆ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು ಸಿನಿಮಾ ಅಲ್ಲ, ಒಂದು ಹಳೆಯ ಕೌಬಾಯ್ ಕಾದಂಬರಿ: ಓವೆನ್ ವಿಸ್ಟರ್ ಬರೆದ ‘ದಿ ವರ್ಜೀನಿಯನ್’. 1902ರಲ್ಲಿ ಅಚ್ಚಾದ ಪುಸ್ತಕ. ಬ್ಯಾಂಕಿಗೆ ಸೇರಿದ ಹೊಸತರಲ್ಲಿ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದ್ದೆ.

ಕಥೆ ನಡೆಯುವುದು ಅಮೆರಿಕದ ಪಶ್ಚಿಮದ ವಯೋಮಿಂಗ್ ಸೀಮೆಯಲ್ಲಿ. ಕಣ್ಣು ಹಾಯಿಸಿದಷ್ಟೂ ಹುಲ್ಲುಗಾವಲು, ದನದ ಮಂದೆಗಳು. ನಾಯಕನಿಗೆ ಹೆಸರೇ ಇಲ್ಲ. ವರ್ಜೀನಿಯಾದವನಾದ್ದರಿಂದ ಎಲ್ಲರೂ ವರ್ಜೀನಿಯನ್ ಎನ್ನುತ್ತಾರೆ. ನಾಯಕಿ ಮಾಲಿ ವುಡ್, ಪೂರ್ವದ ವರ್ಮಾಂಟ್ ರಾಜ್ಯದ ಬೆನ್ನಿಂಗ್ಟನ್ ಊರಿನವಳು. ಮನೆಯ ಗಿರಣಿ ವ್ಯವಹಾರ ಮುಳುಗಿದ ಮೇಲೆ ಸಂಗೀತ ಪಾಠ ಹೇಳಿ, ಕಸೂತಿ ಹಾಕಿ ಸಂಸಾರಕ್ಕೆ ನೆರವಾದವಳು. ಅನುಕೂಲಸ್ಥ ಹುಡುಗನೊಬ್ಬ ಮದುವೆಗೆ ಕೇಳಿದ. ಮನಸ್ಸು ಒಪ್ಪಲಿಲ್ಲ, ಬೇಡವೆಂದಳು. ಕಂಡು ಕೇಳದ ವಯೋಮಿಂಗಿನ ಹೊಸ ಶಾಲೆಗೆ ಟೀಚರಾಗಿ ಹೊರಟೇಬಿಟ್ಟಳು.

ದಾರಿಯಲ್ಲಿ ಅವಳ ಕುದುರೆಗಾಡಿ ಹೊಳೆಯಲ್ಲಿ ವಾಲುತ್ತದೆ. ನಮ್ಮ ಕೌಬಾಯ್ ಅವಳನ್ನು ತನ್ನ ಕುದುರೆಗೆ ಎತ್ತಿಕೊಂಡು ದಡ ಸೇರಿಸುತ್ತಾನೆ. ಬೇರೆ ಲೇಖಕನಾಗಿದ್ದರೆ ಅಲ್ಲೇ ಪ್ರೇಮ ಹುಟ್ಟಿಸಿ ಹಾಡು ಹಾಡಿಸುತ್ತಿದ್ದ! ವಿಸ್ಟರ್ ಹಾಗೆ ಮಾಡಲಿಲ್ಲ. ಮುಂದೆ ಒಂದು ಔತಣದಲ್ಲಿ ಅವನು ಬಂದು ಕುಣಿಯೋಣವೇ ಎಂದು ಕೇಳಿದರೆ, ನಮ್ಮ ಕಡೆ ಗಂಡಸರು ಪರಿಚಯ ಮಾಡಿಸಿಕೊಂಡ ಮೇಲೆ ಹೀಗೆ ಕೇಳುವುದು ಎಂದು ಟೀಚರಮ್ಮ ತಣ್ಣಗೆ ಹೇಳುತ್ತಾಳೆ. ಅವನು ಸುಮ್ಮನೆ ಹೋಗಿ ಬೇರೊಬ್ಬ ಗೃಹಿಣಿಯ ಜೊತೆ ಕುಣಿಯುತ್ತಾನೆ. ಈಗ ಇವಳಿಗೆ ಒಳಗೊಳಗೇ ಮುನಿಸು!

ಮಕ್ಕಳೇ, ಅದೇ ರಾತ್ರಿ ಅವನು ಇನ್ನೊಂದು ಕಿತಾಪತಿ ಮಾಡುತ್ತಾನೆ. ಒಳಗೆ ಸಾಲಾಗಿ ಮಲಗಿಸಿದ್ದ ಕೂಸುಗಳ ಬಟ್ಟೆ, ಹೊದಿಕೆಗಳನ್ನು ಗೆಳೆಯನ ಜೊತೆ ಸೇರಿ ಅದಲುಬದಲು ಮಾಡಿಡುತ್ತಾನೆ. ತಾಯಂದಿರು ಕತ್ತಲಲ್ಲಿ ಎತ್ತಿಕೊಂಡು ಮೈಲಿಗಟ್ಟಲೆ ಹೋಗಿ ನೋಡಿದರೆ, ಮಗು ತಮ್ಮದಲ್ಲ! ಇಂಥ ತುಂಟನನ್ನು ಆ ಗಂಭೀರ ಟೀಚರ್ ಹೇಗೆ ಮೆಚ್ಚಿಯಾಳು?

ಪುಸ್ತಕಗಳಿಂದ. ಹೆಚ್ಚು ಓದದ ಅವನು ಅವಳಲ್ಲಿ ಪುಸ್ತಕ ಕೇಳಿ ಒಯ್ಯುತ್ತಾನೆ, ದನ ಕಾಯುತ್ತಾ ಓದಿ ಹಿಂದಿರುಗಿಸಲು ಬರುತ್ತಾನೆ. ಸ್ಕಾಟ್ ಬರೆದ ‘ಕೆನಿಲ್‌ವರ್ತ್’ ಓದಿ, ಎಲಿಜಬೆತ್ ರಾಣಿ ಇಸ್ಪೀಟಿನಲ್ಲಿ ಗಟ್ಟಿ ಆಟಗಾರ್ತಿಯಾಗುತ್ತಿದ್ದಳು ಎನ್ನುತ್ತಾನೆ! ಜೇನ್ ಆಸ್ಟಿನ್ ಅವನಿಗೆ ಹಿಡಿಸಲೇ ಇಲ್ಲ. ಅವಳನ್ನು ಮೆಚ್ಚಿಸಲೆಂದು ಸುಳ್ಳು ಹೊಗಳುವುದಿಲ್ಲ, ಅವಳೂ ಬಿಟ್ಟುಕೊಡುವುದಿಲ್ಲ. ನನ್ನ ಲೆಕ್ಕದಲ್ಲಿ ಕೆಮಿಸ್ಟ್ರಿ ಅಂದರೆ ಈ ವಾದವೇ. ಮುಂದೆ ಅವನು ಗಾಯಗೊಂಡು ಬಿದ್ದಾಗ ಅವಳು ಆರೈಕೆ ಮಾಡುವುದು, ಮದುವೆಯ ಹಿಂದಿನ ದಿನ ಅವಳು ಬೇಡವೆಂದರೂ ಅವನು ಪಿಸ್ತೂಲು ಹಿಡಿದು ಹೋಗುವುದು ಎಲ್ಲ ಇದೆ. ಆ ಕಾಳಗ ನನಗೆ ರುಚಿಸಲಿಲ್ಲ. ಆ ನೆಲದ ಮೂಲ ಜನರೂ ಇಲ್ಲಿ ಬರೀ ಗುಂಡು ಹಾರಿಸುವ ನೆರಳುಗಳು, ಅದು ಅನ್ಯಾಯ.

ಕಥೆಯನ್ನು ಒಮ್ಮೆ ನನ್ನ ಹೆಂಡತಿಗೆ ಹೇಳಿದೆ. ನಮ್ಮದು ಹಿರಿಯರು ನಿಶ್ಚಯಿಸಿದ ಮದುವೆ. ಹೆಣ್ಣು ನೋಡುವ ದಿನ ನಮ್ಮ ಕಡೆಯವರೆಲ್ಲ ಉಪ್ಪಿಟ್ಟು ತಿಂದು ಒಪ್ಪಿಗೆ ಹೇಳಿ ಬಂದಿದ್ದೆವು. ಅವಳನ್ನು ಯಾರೂ ಕೇಳಿರಲಿಲ್ಲ, ಆಗಿನ ರೂಢಿಯೇ ಹಾಗೆ. ಹೊಳೆ, ಕುದುರೆ, ಅದಲುಬದಲಾದ ಕೂಸು ಎಲ್ಲವನ್ನೂ ಕೇಳಿ ನಕ್ಕಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಆ ಟೀಚರಿಗೆ ಸಂಬಳ ಅವಳ ಕೈಗೇ ಬರುತ್ತಿತ್ತಾ?”

ಇಡೀ ಕಾದಂಬರಿಯಲ್ಲಿ ನಾನು ಗಮನಿಸದ ಸಂಗತಿ ಅದು! ತನ್ನ ಊಟ ತಾನೇ ದುಡಿಯುವವಳಾದ್ದರಿಂದಲೇ ಮಾಲಿ ಆ ಕೌಬಾಯ್‌ನನ್ನು ಇಷ್ಟು ದಿನ ಕಾಯಿಸಬಲ್ಲಳು. ವಯೋಮಿಂಗ್ 1869ರಲ್ಲೇ ಹೆಂಗಸರಿಗೆ ಮತದ ಹಕ್ಕು ಕೊಟ್ಟ ಸೀಮೆ ಎಂದು ಆಮೇಲೆ ಓದಿ ಅವಳಿಗೆ ಹೇಳಿದೆ. “ಹಾಗಾದರೆ ಸರಿ” ಎಂದಳು.

ನಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಗಂಡು ಹುಡುಕಲು ಹೊರಟಾಗ, ಮೊದಲು ಅವರು ಕೆಲಸಕ್ಕೆ ಸೇರಲಿ, ಆಮೇಲೆ ಜಾತಕ ಹೊರಗೆ ತೆಗೆಯೋಣ ಎಂದು ಹಟ ಹಿಡಿದವಳೂ ಅವಳೇ.