ಜಾವಾಕ್ಕೆ ಟೈಮಿಂಗ್ ಕೂರಿಸುತ್ತಿದ್ದ ಮೈಸೂರು

ಮೈಸೂರಿನ ಗ್ಯಾರೇಜುಗಳಲ್ಲಿ ಒಂದು ಕಾಲಕ್ಕೆ ಮೆಕ್ಯಾನಿಕ್‌ನ ಕೈಗುಣ ತಿಳಿಯಲು ಎಂಜಿನ್ ಪೂರ್ತಿ ಬಿಚ್ಚಿಸಬೇಕಾಗಿರಲಿಲ್ಲ. ಜಾವಾ ಬೈಕಿನ ಬಲಗಡೆಯ ಮುಚ್ಚಳ ತೆಗೆದುಕೊಟ್ಟು, ಟೈಮಿಂಗ್ ಕೂರಿಸು ಅಂದರೆ ಸಾಕಿತ್ತು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಆ ಗ್ಯಾರೇಜುಗಳ ಮುಂದೆ ಕಾದು ನಿಂತವರೆಲ್ಲ ಇದನ್ನು ಕಂಡಿದ್ದಾರೆ. ಬಿಚ್ಚಿದ ಪ್ಲಗ್ಗು ಸೀಟಿನ ಮೇಲೆ, ಅದರ ತೂತಿನಲ್ಲಿ ಅಳತೆಯ ಗೇಜು, ಮೆಕ್ಯಾನಿಕ್‌ನ ಒಂದು ಕೈ ಕ್ರ್ಯಾಂಕಿನ ಮೇಲೆ, ಇನ್ನೊಂದು ಕೈಯ ಬೆರಳುಗಳಲ್ಲಿ ಸಿಗರೇಟಿನ ತೆಳು ಹಾಳೆಯ ಚೂರು.

ಆ ಗಾಡಿ ಈ ಊರಿನದೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ, ಜೆಕೊಸ್ಲೊವಾಕಿಯಾದ ಪರವಾನಗಿಯ ಮೇಲೆ ತಯಾರಿಕೆ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. ಎರಡು ಸ್ಟ್ರೋಕಿನ ಸದ್ದು ಮಾತ್ರ ಹಾಗೇ ಉಳಿಯಿತು. ಕಾರ್ಖಾನೆ ಊರೊಳಗೇ ಇದ್ದುದರಿಂದ ಅಲ್ಲಿನ ಅಳತೆ, ಅಲ್ಲಿನ ಕ್ರಮ ಗಲ್ಲಿಯ ಗ್ಯಾರೇಜಿಗೂ ತಲುಪಿತ್ತು. ಬೇರೆ ಊರುಗಳಲ್ಲಿ ಕಣ್ಣಂದಾಜಿನಲ್ಲಿ ಮುಗಿಸುತ್ತಿದ್ದ ಕೆಲಸವನ್ನು ಇಲ್ಲಿ ಅಳೆದು ಮಾಡುವವರು ಸಿಗುತ್ತಿದ್ದರು.

ಅಳೆಯಲೇಬೇಕಾದ ಕೆಲಸ ಅದು. ಪೆಟ್ರೋಲು–ಗಾಳಿ ಪೂರ್ತಿ ಉರಿಯಲು ಒಂದಿಷ್ಟು ಹೊತ್ತು ಬೇಕು. ಹಾಗಾಗಿ ಪಿಸ್ಟನ್ ತುದಿ ಮುಟ್ಟುವ ಮುಂಚೆಯೇ ಕಿಡಿ ಹಾರಬೇಕು. 75 ಮಿ.ಮೀ. ಸ್ಟ್ರೋಕಿನ ಜಾವಾ 250ರಲ್ಲಿ ಆ ಮುಂಚಿನ ಅಂತರ 3 ಮಿ.ಮೀ. ಆಸುಪಾಸು. ಕಿಡಿ ಹಾರುವುದು ಬಲಗಡೆಯ ಮುಚ್ಚಳದೊಳಗಿನ ಪಾಯಿಂಟ್‌ಗಳು, ಅಂದರೆ ಒಂದಕ್ಕೊಂದು ಮುಟ್ಟಿ ಬಿಡುವ ಎರಡು ಪುಟ್ಟ ಲೋಹದ ತುದಿಗಳು, ಬಿಟ್ಟುಕೊಳ್ಳುವ ಕ್ಷಣಕ್ಕೆ. ಆದ್ದರಿಂದ ಮೊದಲು ಫೀಲರ್ ಗೇಜ್ ಹಾಕಿ ಪಾಯಿಂಟಿನ ಗ್ಯಾಪನ್ನು 0.4 ಮಿ.ಮೀ.ಗೆ ತರಬೇಕು. ಆಮೇಲೆ ಪಾಯಿಂಟ್ ಕೂತಿರುವ ಪ್ಲೇಟಿನ ಸ್ಕ್ರೂ ಸಡಿಲಿಸಿ, ಪಿಸ್ಟನ್ ಆ 3 ಮಿ.ಮೀ. ಗುರುತಿಗೆ ಬಂದಾಗಲೇ ಪಾಯಿಂಟ್ ತೆರೆಯುವಂತೆ ಪ್ಲೇಟನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಪಾಯಿಂಟ್‌ಗಳ ನಡುವೆ ಹಿಡಿದಿದ್ದ ಸಿಗರೇಟಿನ ಹಾಳೆ ಆ ಕ್ಷಣಕ್ಕೆ ಸರಕ್ಕನೆ ಜಾರಿ ಬಂದರೆ ಸರಿಯಾಯಿತು. ಕೆಲವರು 6 ವೋಲ್ಟಿನ ಬಲ್ಬು ಇಟ್ಟುಕೊಂಡಿದ್ದರು. ಪಾಯಿಂಟ್ ತೆರೆದೊಡನೆ ಅದು ಹೊತ್ತಿಕೊಳ್ಳುತ್ತಿತ್ತು. ಈ ಕ್ರಮ ತಿರುಗುಮುರುಗಾಗುವಂತಿಲ್ಲ: ಟೈಮಿಂಗ್ ಕೂರಿಸಿದ ಮೇಲೆ ಗ್ಯಾಪ್ ಮುಟ್ಟಿದರೆ ಟೈಮಿಂಗೂ ಸರಿಯುತ್ತದೆ.

ಹೆಚ್ಚುಕಮ್ಮಿಯಾದರೆ ಗಾಡಿಯೇ ಹೇಳುತ್ತಿತ್ತು. ಅಡ್ವಾನ್ಸ್ ಜಾಸ್ತಿಯಾಗಿ ಕಿಡಿ ತೀರಾ ಮುಂಚೆ ಹಾರುವ ಜಾವಾ ಕಿಕ್ ಹೊಡೆದವನ ಕಾಲಿಗೆ ಹೇಸರಗತ್ತೆಯಂತೆ ತಿರುಗಿ ಒದೆಯುತ್ತಿತ್ತು. ಒಮ್ಮೊಮ್ಮೆ ಎಂಜಿನ್ ಉಲ್ಟಾ ತಿರುಗಿ ಸ್ಟಾರ್ಟಾಗಿ, ಫಸ್ಟ್ ಗೇರ್ ಹಾಕಿದರೆ ಗಾಡಿ ಹಿಂದಕ್ಕೆ ಹೋಗುತ್ತಿದ್ದುದೂ ಉಂಟು. ಎರಡು ಸ್ಟ್ರೋಕಿನ ಎಂಜಿನ್‌ಗೆ ಯಾವ ದಿಕ್ಕಾದರೂ ಒಂದೇ. ಈ ಒದೆತವನ್ನು ಲೆಕ್ಕಿಸದೆ ಓಡಿಸಿದವರು ಪಿಸ್ಟನ್ ತೂತು ಮಾಡಿಕೊಂಡು ಬರುತ್ತಿದ್ದರು. ರಿಟಾರ್ಡ್ ಆದದ್ದು, ಅಂದರೆ ಕಿಡಿ ತಡವಾದದ್ದು, ಗೊತ್ತಾಗುತ್ತಿದ್ದುದು ಚಾಮುಂಡಿ ಬೆಟ್ಟದ ಏರಿನಲ್ಲಿ.

"ಏನ್ ಸಾರ್, ಬೆಟ್ಟ ಹತ್ತೋವಾಗ ಎಳೀತಿಲ್ವಾ? ಸೈಲೆನ್ಸರ್ ಸಿಕ್ಕಾಪಟ್ಟೆ ಕಾಯ್ತಿದ್ಯಾ?"

ಇಷ್ಟು ಕೇಳಿಯೇ ಅನುಭವಿ ಮೆಕ್ಯಾನಿಕ್ ಪಾಯಿಂಟಿಗೆ ಕೈಹಾಕುತ್ತಿದ್ದ. ಕ್ಯಾಮ್‌ಗೆ ಉಜ್ಜುವ ಫೈಬರ್ ತುಂಡು ಸವೆದಷ್ಟೂ ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಎಳೆತ ಸೊರಗುತ್ತದೆ. ಪಾಯಿಂಟ್ ಪದೇಪದೇ ಸುಟ್ಟು ಕಪ್ಪಾಗುತ್ತಿದ್ದರೆ ಅನುಮಾನ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಮೇಲೆ. ಓಡಿಸುವವರಿಗೂ ಇದರ ಅರಿವಿತ್ತು, ಅದೇ ಆ ಕಾಲದ ದೊಡ್ಡ ಸಂಗತಿ. ಮೇಷ್ಟ್ರುಗಳು, ಬ್ಯಾಂಕಿನವರು ಕೂಡ ಟೂಲ್ ಬಾಕ್ಸಿನಲ್ಲಿ ಪಾಲಿಶ್ ಪೇಪರಿನ ಚೂರು, ಒಂದು ಹೆಚ್ಚಿನ ಕಂಡೆನ್ಸರ್ ಇಟ್ಟುಕೊಂಡು ತಿರುಗುತ್ತಿದ್ದರು.

1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂತು. ಅದರಲ್ಲಿ ಪಾಯಿಂಟ್ ಇಲ್ಲ, ಉಜ್ಜುವ ಭಾಗವಿಲ್ಲ. ಕಿಡಿಯ ಲೆಕ್ಕವೆಲ್ಲ ಸಿಡಿಐ ಎಂಬ ಮುಚ್ಚಿದ ಪೆಟ್ಟಿಗೆಯದು. ಕೆಟ್ಟರೆ ಬದಲಾಯಿಸಬೇಕು, ಅಷ್ಟೆ. ಮೈಲೇಜು ನೋಡಿ ಜನ ಅತ್ತ ತಿರುಗಿದರು, ತಿರುಗಿದ್ದು ತಪ್ಪೂ ಅಲ್ಲ. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಉಳಿದ ಗಾಡಿಗಳಿಗೆ ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ: ಕಾರ್ಖಾನೆಯ ಪಾಯಿಂಟ್ ಸಿಗದೆ, ಬೇಗ ಸವೆಯುವ ನಕಲಿ ಮಾಲೇ ಗತಿಯಾಯಿತು. ಎಷ್ಟು ಚೆನ್ನಾಗಿ ಟೈಮಿಂಗ್ ಕೂರಿಸಿದರೂ ಅದು ನಿಲ್ಲುತ್ತಿರಲಿಲ್ಲ. ಹೀಗೆ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಕಳಪೆ ಬಿಡಿಭಾಗಗಳಿಂದಾಗಿ ಗಿರಾಕಿಗಳ ಕೈಲಿ ಬೈಸಿಕೊಳ್ಳಬೇಕಾಗಿ ಬಂದದ್ದು ಅನ್ಯಾಯವೇ ಸರಿ.

2018ರಲ್ಲಿ ಮತ್ತೆ ಬಂದ ಜಾವಾ 293 ಸಿಸಿಯ, ನೀರಿನಿಂದ ತಂಪಾಗುವ, ಫ್ಯುಯೆಲ್ ಇಂಜೆಕ್ಷನ್ನಿನ ಗಾಡಿ. ಅದರ ಕಿಡಿಗೆ ಯಾರೂ ಕೈಹಾಕಬೇಕಿಲ್ಲ. ಹಳೆಯ ಗಾಡಿಯವರಲ್ಲೂ ಅನೇಕರು ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದ್ದಾರೆ. ದಿನಾ ಓಡಿಸುವವರಿಗೆ ಅದು ಒಳ್ಳೆಯದೇ, ಆದರೆ ಆ ಕಿಟ್ಟಿನ ಪ್ಲೇಟನ್ನೂ ಅಳೆದೇ ಕೂರಿಸಬೇಕು ಎಂಬುದನ್ನು ಹಲವರು ಮರೆಯುತ್ತಾರೆ.

ಪಾಯಿಂಟ್ ಇರುವ ಹಳೆಯ ಗಾಡಿಗಳಲ್ಲಿ ಟೈಮಿಂಗ್ ಕೂರಿಸಲು ಎಲ್ಲಕ್ಕಿಂತ ಕಷ್ಟದ್ದು ಯೆಜ್ಡಿ 350 ಟ್ವಿನ್. ಎರಡು ಸಿಲಿಂಡರಿಗೆ ಎರಡು ಜೊತೆ ಪಾಯಿಂಟ್. ಒಂದನ್ನು ಕೂರಿಸಿದ ಮೇಲೆ, ಅದನ್ನು ಕದಲಿಸದೆ ಇನ್ನೊಂದನ್ನು ಹೊಂದಿಸಬೇಕು. ಅದನ್ನು ಮಾಡಬಲ್ಲವರು ಈಗ ವಿರಳ. ಅಂಥವರ ಗ್ಯಾರೇಜು ಹುಡುಕಿಕೊಂಡು ಹೊರಜಿಲ್ಲೆಗಳಿಂದಲೂ ಟ್ವಿನ್‌ಗಳು ಬರುತ್ತವೆ, ಕೆಲವು ಗೂಡ್ಸ್ ಆಟೋದಲ್ಲಿ ಹಗ್ಗ ಬಿಗಿಸಿಕೊಂಡು.